ಶಿಕ್ಷೆ ಅಲ್ಲಿಯದು, ಸೆರೆಮನೆ ಇಲ್ಲಿಯದು

(ನಮ್ಮ ಮಹಿಳಾ ವಿಭಾಗದ ಕಾನೂನು ಅರಿವು ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಪ್ರತಿ ವರ್ಷ ನೀವು ನನ್ನನ್ನು ಕರೆದಾಗ ಆಸ್ತಿ ಹಕ್ಕು, ವಿಲ್ ಬರೆಯುವುದು, ಕೌಟುಂಬಿಕ ದೌರ್ಜನ್ಯದ ಕಾಯ್ದೆ, ಇಂಥ ವಿಷಯಗಳ ಮೇಲೆ ಮಾತಾಡಿದ್ದೇನೆ. ಈ ಸಲ ವಿಷಯವನ್ನು ನಾನೇ ಕೇಳಿ ತೆಗೆದುಕೊಂಡೆ. ವಿದೇಶದ ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿರುವ ಭಾರತೀಯರನ್ನು ಒಪ್ಪಂದದ ಮೂಲಕ ನಮ್ಮ ದೇಶದ ಜೈಲಿಗೆ ಕರೆಸಿಕೊಳ್ಳುವ ವಿಷಯ. ಶೀರ್ಷಿಕೆ ಕೇಳಿ ಕೆಲವರು ‘ಇದು ನಮಗ್ಯಾಕೆ’ ಅಂದುಕೊಂಡಿರಬಹುದು. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ.

2021ರ ಮಾತು. ಅರಿಶಿನ ಕುಂಕುಮದ ಕಾರ್ಯಕ್ರಮ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬ ಹಿರಿಯ ಹೆಂಗಸು ಬಾಗಿಲ ಹತ್ತಿರ ನನಗಾಗಿ ಕಾಯುತ್ತಿದ್ದರು. ಕುಂದಾಪುರದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದು ನಲವತ್ತು ವರ್ಷಕ್ಕೂ ಮೇಲಾಗಿತ್ತು. ಅವರ ಒಬ್ಬನೇ ಮಗ ಗಲ್ಫಿನಲ್ಲಿ ಡ್ರೈವರ್ ಎಂದು ನಮಗೆಲ್ಲ ಗೊತ್ತಿತ್ತು. ‘ರಜೆ ಸಿಗ್ಲಿಲ್ಲ’ ಎಂದು ಅವರು ಪ್ರತಿ ಸಲ ಹೇಳುತ್ತಿದ್ದುದೂ ಗೊತ್ತಿತ್ತು. ಆ ದಿನ ಅವರು ಹೇಳಿದ್ದು ಬೇರೆ. ಮಗ ನಾಲ್ಕು ವರ್ಷದಿಂದ ಅಲ್ಲಿನ ಜೈಲಿನಲ್ಲಿದ್ದ. ಮಾದಕ ವಸ್ತುವಿನ ಪ್ರಕರಣ, ಹದಿನೈದು ವರ್ಷ ಶಿಕ್ಷೆ. ತನ್ನ ಗಾಡಿಯಲ್ಲಿದ್ದ ಪೊಟ್ಟಣ ತನ್ನದಲ್ಲ ಎಂದು ಅವನು ಹೇಳಿದ್ದ. ಅಲ್ಲಿನ ಕೋರ್ಟು ಒಪ್ಪಲಿಲ್ಲ, ಮೇಲ್ಮನವಿಯೂ ಮುಗಿದಿತ್ತು.

‘ಮಗಾ, ಅವ ತಪ್ಪು ಮಾಡಿದ್ನೋ ಇಲ್ವೋ ಆ ದೇವ್ರಿಗೇ ಗೊತ್ತು. ಜೈಲಾದ್ರೂ ಅಡ್ಡಿಲ್ಲ, ಇಲ್ಲಿನ ಜೈಲಿಗೆ ತಂದ್ರೆ ಸಾಕ್. ತಿಂಗ್ಳಿಗೊಮ್ಮೆ ಅವ್ನ ಮೋರೆ ಕಂಡ್ರೆ ಸಾಕ್’ ಅಂದರು.

ನಾನು ಆಗ ಏನು ಹೇಳಿದೆ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ‘ಅಕ್ಕ, ತರಿಸಬಹುದು. ಇಲ್ಲಿಗೆ ಬಂದ ಮೇಲೆ ನಮ್ಮ ಕಾನೂನಿನ ಪ್ರಕಾರ ಶಿಕ್ಷೆಯನ್ನೂ ಇಳಿಸಲು ಅರ್ಜಿ ಹಾಕೋಣ’ ಎಂದೆ. ಮೊದಲ ಅರ್ಧ ಸರಿ. ಎರಡನೆಯ ಅರ್ಧ ತಪ್ಪು. ಆ ತಪ್ಪಿನ ಕಥೆಯೇ ಇವತ್ತಿನ ಭಾಷಣ.

ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳೋಣ, ಪತ್ರಿಕೆಗಳಲ್ಲಿ ಇವು ಕಲಸಿಹೋಗುತ್ತವೆ. ಒಂದು ದೇಶದಲ್ಲಿ ಅಪರಾಧ ಮಾಡಿ ಇನ್ನೊಂದು ದೇಶಕ್ಕೆ ಓಡಿಹೋದವನನ್ನು ವಿಚಾರಣೆಗೋ ಶಿಕ್ಷೆಗೋ ಹಿಡಿದು ಒಪ್ಪಿಸುವುದು ಹಸ್ತಾಂತರ. ಅದಕ್ಕೆ ನಮ್ಮಲ್ಲಿ 1962ರ ಕಾಯ್ದೆ ಇದೆ, ಅವನ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ. ವೀಸಾ ಮುಗಿದವರನ್ನೋ ಶಿಕ್ಷೆ ಪೂರೈಸಿದವರನ್ನೋ ದೇಶದಿಂದ ಹೊರಗೆ ಕಳಿಸುವುದು ಗಡಿಪಾರು. ಹಾಗೆ ಬಂದವನು ಇಲ್ಲಿ ಸ್ವತಂತ್ರ. ನಾನು ಹೇಳುತ್ತಿರುವುದು ಮೂರನೆಯದು, ಸಜಾ ಕೈದಿಯ ವರ್ಗಾವಣೆ. ವಿಚಾರಣೆ ಅಲ್ಲಿ ಮುಗಿದಿದೆ, ಶಿಕ್ಷೆ ಅಲ್ಲಿ ಆಗಿದೆ, ಉಳಿದ ಶಿಕ್ಷೆಯನ್ನು ತನ್ನ ದೇಶದ ಜೈಲಿನಲ್ಲಿ ಕಳೆಯುತ್ತಾನೆ. ಇದು ಅವನ ಒಪ್ಪಿಗೆ ಇಲ್ಲದೆ ನಡೆಯುವುದಿಲ್ಲ.

ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದೆ ನಮ್ಮಲ್ಲಿ ಇದಕ್ಕೆ ಕಾನೂನೇ ಇರಲಿಲ್ಲ. ನಮ್ಮ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕೈದಿಯನ್ನು ದೇಶದಿಂದ ದೇಶಕ್ಕೆ ಕಳಿಸುವ ಅವಕಾಶವಿರಲಿಲ್ಲ. 2003ರಲ್ಲಿ ಸಂಸತ್ತು ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆ ಮಾಡಿತು. 2004ರ ಜನವರಿ 1ರಿಂದ ಅದು ಜಾರಿಗೆ ಬಂತು. ಆದರೆ ಕಾಯ್ದೆ ಇದ್ದರೆ ಸಾಲದು, ಎದುರಿನ ದೇಶದ ಜೊತೆ ಒಪ್ಪಂದವೂ ಬೇಕು. ಬ್ರಿಟನ್ ಮತ್ತು ಮಾರಿಷಸ್ ಜೊತೆ 2005ರಲ್ಲಿ, ಸೌದಿ ಅರೇಬಿಯ ಜೊತೆ 2010ರಲ್ಲಿ, ಯುಎಇ ಜೊತೆ 2011ರಲ್ಲಿ, ಕತಾರ್ ಜೊತೆ 2015ರಲ್ಲಿ ಸಹಿ ಆಯಿತು. ಇಂಥ ಒಪ್ಪಂದಗಳು ಈಗ ಮೂವತ್ತರ ಆಸುಪಾಸಿನಲ್ಲಿವೆ. ಇದಲ್ಲದೆ ಅನೇಕ ದೇಶಗಳು ಒಟ್ಟಾಗಿ ಮಾಡಿಕೊಂಡ ಎರಡು ಒಡಂಬಡಿಕೆಗಳಿಗೂ ಭಾರತ ಸೇರಿದೆ. ಒಂದು ಯುರೋಪಿನ ಕೌನ್ಸಿಲಿನದು, 1983ರದು. ಇನ್ನೊಂದು ಅಮೆರಿಕ ಖಂಡದ ದೇಶಗಳದು, 1993ರದು.

ವಿದೇಶದ ಜೈಲುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ ಎಂದು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೆ ತಿಳಿಸಿತು. ಇದರಲ್ಲಿ ವಿಚಾರಣಾಧೀನರೂ ಸೇರಿದ್ದಾರೆ. ದೊಡ್ಡ ಪಾಲು ಗಲ್ಫ್ ದೇಶಗಳಲ್ಲಿದೆ. ಕರಾವಳಿಯಿಂದ, ಮುಂಬಯಿಯಿಂದ ಎಷ್ಟು ಮನೆಗಳ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಒಪ್ಪಂದದ ಮೂಲಕ ಇಲ್ಲಿನ ಜೈಲಿಗೆ ಬರುವವರು ಬಹಳ ಕಡಿಮೆ. ಯಾಕೆ ಎಂದು ಆ ಅಕ್ಕನ ಕಡತ ಹಿಡಿದುಕೊಂಡು ಓಡಾಡಿದಾಗ ನನಗೆ ಅರ್ಥವಾಯಿತು.

ಯಾರ ಕೈಯಲ್ಲಿದೆ ಈ ಅಧಿಕಾರ? ಮೂರು ಕೈಗಳಲ್ಲಿದೆ. ಶಿಕ್ಷೆ ಕೊಟ್ಟ ದೇಶ ಕಳಿಸಲು ಒಪ್ಪಬೇಕು. ನಮ್ಮ ಕೇಂದ್ರ ಸರ್ಕಾರ ತೆಗೆದುಕೊಳ್ಳಲು ಒಪ್ಪಬೇಕು, ಅಂದರೆ ದೆಹಲಿಯ ಗೃಹ ಸಚಿವಾಲಯ. ಕೈದಿ ಒಪ್ಪಬೇಕು. ಮೂರರಲ್ಲಿ ಒಂದು ಕೈ ಬೇಡ ಎಂದರೂ ಕೆಲಸ ನಿಂತಿತು. ತಾಯಿಯ ಕೈ, ಹೆಂಡತಿಯ ಕೈ ಈ ಲೆಕ್ಕದಲ್ಲಿಲ್ಲ. ಮನೆಯವರು ಮನವಿ ಕೊಡಬಹುದು, ಬೆನ್ನು ಹತ್ತಬಹುದು, ಸಹಿ ಮಾತ್ರ ಅವನದೇ ಆಗಬೇಕು. ತೀರಾ ಕಾಯಿಲೆ, ವೃದ್ಧಾಪ್ಯ, ಮಾನಸಿಕ ಅಸ್ವಸ್ಥತೆ ಇದ್ದರೆ ಮಾತ್ರ ಅವನ ಪರವಾಗಿ ಇನ್ನೊಬ್ಬರು ಅರ್ಜಿ ಹಾಕಲು ಅವಕಾಶವಿದೆ.

ಷರತ್ತುಗಳೂ ಇವೆ. ತೀರ್ಪು ಅಂತಿಮವಾಗಿರಬೇಕು, ಮೇಲ್ಮನವಿ ಬಾಕಿ ಇರಬಾರದು. ಅಲ್ಲಿ ಅವನ ಮೇಲೆ ಬೇರೆ ಯಾವ ಕೇಸೂ ಉಳಿದಿರಬಾರದು. ಸಾಲದ ಕೇಸೋ ಚೆಕ್ ಬೌನ್ಸ್ ಕೇಸೋ ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಬೇಕಾಗುತ್ತದೆ. ಮರಣದಂಡನೆ ಆಗಿದ್ದರೆ ವರ್ಗಾವಣೆ ಇಲ್ಲ. ಅವನು ಮಾಡಿದ್ದು ಎರಡೂ ದೇಶಗಳಲ್ಲಿ ಅಪರಾಧವಾಗಿರಬೇಕು. ಸಾಮಾನ್ಯವಾಗಿ ಇನ್ನೂ ಆರು ತಿಂಗಳಾದರೂ ಶಿಕ್ಷೆ ಉಳಿದಿರಬೇಕು. ದೇಶದ ಭದ್ರತೆಗೋ ಹಿತಕ್ಕೋ ತೊಂದರೆ ಎಂದು ಸರ್ಕಾರಕ್ಕೆ ಅನ್ನಿಸಬಾರದು.

ಇಷ್ಟಾದ ಮೇಲೆ ಇಲ್ಲಿ ಪೊಲೀಸ್ ಪರಿಶೀಲನೆ. ಇವನು ಭಾರತೀಯನೇ, ಮನೆ ಎಲ್ಲಿ, ಇವನ ಮೇಲೆ ಇಲ್ಲಿ ಕೇಸು ಇದೆಯೇ. ಇಲ್ಲಿ ನಮ್ಮ ಅಕ್ಕನ ಕಡತ ಸಿಕ್ಕಿಕೊಂಡಿತು. ಮಗನ ಪಾಸ್‌ಪೋರ್ಟಿನಲ್ಲಿದ್ದದ್ದು ಹಳೆಯ ಚಾಳಿನ ವಿಳಾಸ. ಆ ಚಾಳು ರೀಡೆವಲಪ್‌ಮೆಂಟಿಗೆ ಹೋಗಿ ಈಗ ಅಲ್ಲಿ ಇಪ್ಪತ್ತೆರಡು ಮಹಡಿಯ ಕಟ್ಟಡ. ಪರಿಶೀಲನೆಗೆ ಬಂದವರು ‘ಇಂಥ ಮನೆ ಇಲ್ಲ, ಇಂಥವರನ್ನು ಯಾರೂ ಅರಿಯರು’ ಎಂದು ಬರೆದುಕೊಂಡು ಹೋದರು. ಊರಿನ ರೇಷನ್ ಕಾರ್ಡಿನಲ್ಲಿ ಅವನ ಹೆಸರಿನ ಮುಂದೆ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರು. ಇಬ್ಬರೂ ಒಬ್ಬನೇ ಎಂದು ಸಾಬೀತು ಮಾಡಲು ಶಾಲೆಯ ಟಿ.ಸಿ. ಹುಡುಕಿಕೊಂಡು ನಾವು ಕುಂದಾಪುರಕ್ಕೆ ಹೋದೆವು. ಎಪ್ಪತ್ತು ದಾಟಿದ ಆ ತಾಯಿ ರಾತ್ರಿ ಬಸ್ಸಿನಲ್ಲಿ ಕುಳಿತು, ಬೆಳಿಗ್ಗೆ ಶಾಲೆಯ ಕಚೇರಿಯ ಮುಂದೆ ನಿಂತು, ‘ಮಗನಿಗೆ ಅಲ್ಲಿ ಪರ್ಮನೆಂಟ್ ಆಗುತ್ತೆ, ಅದಕ್ಕೆ ಟಿ.ಸಿ. ನಕಲು ಬೇಕು’ ಎಂದು ಸುಳ್ಳು ಹೇಳಿದರು. ಊರಿಗೆ ವಿಷಯ ತಿಳಿಯಬಾರದಲ್ಲ.

ಇನ್ನೊಂದು ತೊಡಕು. ಬಂದರೆ ಯಾವ ಜೈಲಿಗೆ? ಸಂವಿಧಾನದಲ್ಲಿ ಜೈಲು ರಾಜ್ಯಗಳ ವಿಷಯ. ವಿದೇಶದಿಂದ ಕೈದಿಯನ್ನು ತೆಗೆದುಕೊಳ್ಳುವ ಅಧಿಕಾರ ಕೇಂದ್ರದ್ದು, ಇಡುವ ಕಂಬಿ ರಾಜ್ಯದ್ದು. ಆದ್ದರಿಂದ ಕೇಂದ್ರ ಸರ್ಕಾರ ರಾಜ್ಯ ಸರ್ಕಾರದ ಜೊತೆ ಸಮಾಲೋಚಿಸಿ ಯಾವ ಜೈಲು ಎಂದು ನಿರ್ಧರಿಸುತ್ತದೆ. ನಮ್ಮಂಥ ಹೊರನಾಡ ಕನ್ನಡಿಗರಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹುಟ್ಟಿದ ಊರು ಕರ್ನಾಟಕದಲ್ಲಿ, ಪಾಸ್‌ಪೋರ್ಟು ಮಹಾರಾಷ್ಟ್ರದ್ದು, ನೋಡಲು ಬರುವ ತಾಯಿ ಮುಂಬಯಿಯಲ್ಲಿ. ತಳೋಜವೋ, ಯೆರವಡವೋ, ಬೆಳಗಾವಿಯ ಹಿಂಡಲಗಾವೋ, ಬೆಂಗಳೂರಿನ ಪರಪ್ಪನ ಅಗ್ರಹಾರವೋ? ಯಾರು ಭೇಟಿಗೆ ಬರುತ್ತಾರೆ, ಅವರು ಎಲ್ಲಿದ್ದಾರೆ ಎಂದು ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆದು ಆಧಾರ ಲಗತ್ತಿಸಬೇಕು. ಬರೆದದ್ದೇ ಆಗುತ್ತದೆ ಎಂದಲ್ಲ, ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಮಾರಿಷಸ್‌ನಲ್ಲಿ ಹೆರಾಯಿನ್ ಪ್ರಕರಣದಲ್ಲಿ ಒಬ್ಬ ಭಾರತೀಯನಿಗೆ 26 ವರ್ಷ ಶಿಕ್ಷೆಯಾಗಿತ್ತು. ಅವನ ಹತ್ತಿರ ಸಿಕ್ಕಿದ್ದು ಸುಮಾರು 150 ಗ್ರಾಂ. ಒಪ್ಪಂದದ ಪ್ರಕಾರ ಅವನನ್ನು ಭಾರತದ ಜೈಲಿಗೆ ವರ್ಗಾಯಿಸಲಾಯಿತು. ನಮ್ಮ ಮಾದಕ ವಸ್ತು ಕಾಯ್ದೆಯಲ್ಲಿ ಹೆರಾಯಿನ್ 250 ಗ್ರಾಂಗಿಂತ ಕಡಿಮೆ ಇದ್ದರೆ ಅದು ವಾಣಿಜ್ಯ ಪ್ರಮಾಣವಲ್ಲ, ಗರಿಷ್ಠ ಶಿಕ್ಷೆ ಹತ್ತು ವರ್ಷ. ‘ನನ್ನ ಶಿಕ್ಷೆಯನ್ನು ಹತ್ತು ವರ್ಷಕ್ಕೆ ಹೊಂದಿಸಿ’ ಎಂದು ಅವನು ಕೇಳಿದ. 2003ರ ಕಾಯ್ದೆಯಲ್ಲಿ ಹೊಂದಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಇದೆ. ಸರ್ಕಾರ ಆಗುವುದಿಲ್ಲ ಎಂದಿತು. ಅವನು ಬಾಂಬೆ ಹೈಕೋರ್ಟಿಗೆ ಹೋದ, ಮರುಪರಿಶೀಲಿಸಿ ಎಂದು ಹೈಕೋರ್ಟು ಹೇಳಿತು. ನಾನು ಅಕ್ಕನಿಗೆ ಧೈರ್ಯ ಹೇಳುವಾಗ ಆ ಹೈಕೋರ್ಟ್ ತೀರ್ಪು ನನ್ನ ತಲೆಯಲ್ಲಿತ್ತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿದೆ, ಕೊನೆಯ ಮಾತು ಇನ್ನೂ ಬಂದಿಲ್ಲ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ. ಅವರ ಮುಖ ನೋಡಿ ಹೇಳಲು ಮನಸ್ಸು ಬರಲಿಲ್ಲ.

2022ರ ಜನವರಿಯಲ್ಲಿ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಮತ್ತು ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಪೀಠದ ತೀರ್ಪು ಬಂತು. ಅದರ ಸಾರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಕೈದಿಯನ್ನು ಒಪ್ಪಿಕೊಂಡ ದೇಶ ಅವನ ಶಿಕ್ಷೆಯ ಸ್ವರೂಪಕ್ಕೂ ಅವಧಿಗೂ ಬದ್ಧ. ನಮ್ಮಲ್ಲಿ ಅದೇ ಅಪರಾಧಕ್ಕೆ ಕಡಿಮೆ ಶಿಕ್ಷೆ ಇದೆ ಎಂಬುದು ಇಳಿಸಲು ಕಾರಣವಲ್ಲ. ಆ ಶಿಕ್ಷೆ ನಮ್ಮ ಮೂಲಭೂತ ಕಾನೂನಿಗೇ ಹೊಂದದಂಥದ್ದಾಗಿದ್ದರೆ ಮಾತ್ರ ಸರ್ಕಾರ ಅದನ್ನು ಹೊಂದಿಸಬಹುದು. ಹೊಂದಿಸುವಾಗಲೂ ಮೂಲ ಶಿಕ್ಷೆಗೆ ಆದಷ್ಟು ಹತ್ತಿರವೇ ಇರಬೇಕು. ಅಂದರೆ 26 ವರ್ಷ 26 ವರ್ಷವೇ.

ತೀರ್ಪು ಓದಿ ಮೊದಲು ನನಗೆ ಸಿಟ್ಟು ಬಂತು. ಇದ್ಯಾವ ನ್ಯಾಯ ಅನ್ನಿಸಿತು. ಆಮೇಲೆ ಯೋಚಿಸಿದೆ. ನಮ್ಮ ಬೈಕುಲ್ಲಾ ಜೈಲಿನಲ್ಲಿ ವಿದೇಶಿ ಹೆಂಗಸರೂ ಇದ್ದಾರೆ. ಇದೇ ಕಾಯ್ದೆ ಆ ದಿಕ್ಕಿನಲ್ಲೂ ನಡೆಯುತ್ತದೆ, ಒಪ್ಪಂದ ಇರುವ ದೇಶದವರಾಗಿದ್ದರೆ ಅವರೂ ತಮ್ಮ ದೇಶಕ್ಕೆ ಹೋಗಲು ಅರ್ಜಿ ಹಾಕಬಹುದು. ನಮ್ಮ ಕೋರ್ಟು ಕೊಟ್ಟ ಶಿಕ್ಷೆಯನ್ನು ಅವರ ದೇಶ ವಿಮಾನ ಇಳಿಯುತ್ತಲೇ ಅರ್ಧ ಮಾಡಿಬಿಟ್ಟರೆ ನಾವು ಮುಂದಿನ ಸಲ ಯಾರನ್ನಾದರೂ ಕಳಿಸುತ್ತೇವೆಯೇ? ನಾವು ಮಾತು ಮುರಿದರೆ ಅವರೂ ಕಳಿಸುವುದಿಲ್ಲ. ಆಗ ಬಾಗಿಲು ಮುಚ್ಚಿಹೋಗುವುದು ಸರತಿಯಲ್ಲಿ ಕಾಯುತ್ತಿರುವ ಉಳಿದ ಮಕ್ಕಳಿಗೆ. ನನಗೆ ಈಗಲೂ ಆ 26 ವರ್ಷ ಹೆಚ್ಚೇ ಅನ್ನಿಸುತ್ತದೆ. ಆದರೆ ಕೋರ್ಟು ಯಾಕೆ ಹಾಗೆ ಹೇಳಿತು ಎಂಬುದು ಅರ್ಥವಾಗಿದೆ.

ಅರ್ಥವಾಗದಿದ್ದದ್ದು, ಅಕ್ಕನಿಗೆ ಹೇಗೆ ಹೇಳುವುದು ಎಂದು. ಒಂದು ವಾರ ಮುಂದೂಡಿದೆ. ಕೊನೆಗೆ ಮನೆಗೆ ಹೋಗಿ ಹೇಳಿದೆ. ‘ಅಕ್ಕ, ನಾನು ಹೇಳಿದ್ದು ತಪ್ಪು. ಜೈಲು ಬದಲಾಗುತ್ತದೆ, ಶಿಕ್ಷೆ ಬದಲಾಗುವುದಿಲ್ಲ. ಬಾಕಿ ಹತ್ತು ವರ್ಷ ಇಲ್ಲೂ ಹತ್ತು ವರ್ಷವೇ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಕೇಳಿದ್ದು ಮೋರೆ ಕಾಂಬುಕೆ ಅಲ್ದಾ ಮಗಾ, ಕಡಿಮೆ ಮಾಡೂಕೆ ಅಲ್ಲ’ ಅಂದರು. ಆಸೆ ಹುಟ್ಟಿಸಿದ್ದು ನಾನು, ಅವರಲ್ಲ.

ಆದರೆ ಮಗನ ಲೆಕ್ಕ ಬೇರೆ ಇತ್ತು. ಗಲ್ಫ್ ದೇಶಗಳಲ್ಲಿ ರಂಜಾನ್, ಈದ್, ರಾಷ್ಟ್ರೀಯ ದಿನದ ಹೊತ್ತಿಗೆ ಅಲ್ಲಿನ ಆಡಳಿತಗಾರರು ಕೈದಿಗಳಿಗೆ ಕ್ಷಮೆ ಕೊಡುವ ಪದ್ಧತಿ ಇದೆ. ಕೆಲವು ಭಾರತೀಯರೂ ಹಾಗೆ ಬಿಡುಗಡೆಯಾಗಿದ್ದಾರೆ. ಅವನು ವಾರದ ಫೋನಿನಲ್ಲಿ, ‘ಅಮ್ಮ, ಇಲ್ಲಿದ್ದರೆ ಒಂದಲ್ಲ ಒಂದು ಹಬ್ಬಕ್ಕೆ ಪಟ್ಟಿಯಲ್ಲಿ ಹೆಸರು ಬಂದೀತು. ಅಲ್ಲಿಗೆ ಬಂದ್ರೆ ಯಾರು ಕ್ಷಮಿಸ್ತಾರೆ?’ ಅಂದ. ಅವನ ಮಾತಿನಲ್ಲೂ ಹುರುಳಿತ್ತು. ಇಲ್ಲಿಗೆ ಬಂದ ಮೇಲೆ ಸಾಮಾನ್ಯವಾಗಿ ನಮ್ಮ ಜೈಲಿನ ನಿಯಮಗಳ ಪ್ರಕಾರ ಸನ್ನಡತೆಯ ಕಡಿತ, ಪೆರೋಲ್ ಅನ್ವಯಿಸುತ್ತವೆ. ಆದರೆ ತೀರ್ಪನ್ನೇ ಮರುಪರಿಶೀಲಿಸುವ ಅಧಿಕಾರ ಶಿಕ್ಷೆ ಕೊಟ್ಟ ದೇಶಕ್ಕೆ ಮಾತ್ರ. ಬಂದ ಮೇಲೆ ‘ನನ್ನನ್ನು ವಾಪಸ್ ಕಳಿಸಿ’ ಎನ್ನಲೂ ಬರುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಸಹಿ ಹಾಕುವ ಮೊದಲು ಇಷ್ಟನ್ನೂ ತಿಳಿದಿರಬೇಕು ಎಂದೇ ಕಾನೂನು ಹೇಳುವುದು.

ಎರಡು ಈದ್ ಕಳೆದವು. ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ. ಅಷ್ಟರಲ್ಲಿ ಅಕ್ಕನ ಕಣ್ಣಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಈ ಸುದ್ದಿಯನ್ನು ಅವನಿಗೆ ತಿಳಿಸಬಾರದು ಎಂದು ಅವರು ಹಠ ಹಿಡಿದರು, ‘ನನ್ನ ಕಣ್ಣಿಗಾಗಿ ಅವ ಅವಕಾಶ ಕಳ್ಕೊಬಾರ್ದು’ ಎಂದರು. ಆಗ ನಾನು ಅವರ ಮಾತು ಮೀರಿದೆ. ಒಮ್ಮೆ ಪೂರ್ತಿ ವಿಷಯ ಹೇಳದೆ ತಪ್ಪು ಮಾಡಿದ್ದೆ. ಎರಡನೆಯ ಸಲ ಮಾಡಲಾರೆ ಎಂದುಕೊಂಡು ಅವನಿಗೆ ಪತ್ರ ಬರೆದೆ. ತೀರ್ಪು, ಕ್ಷಮೆಯ ಸಾಧ್ಯತೆ, ಪೆರೋಲ್, ತಾಯಿಯ ಕಣ್ಣು, ಎಲ್ಲವನ್ನೂ ಕನ್ನಡದಲ್ಲಿ ನಾಲ್ಕು ಪುಟ. ಕೊನೆಯಲ್ಲಿ ‘ನಿರ್ಧಾರ ನಿನ್ನದು’ ಎಂದು ಬರೆದೆ. ಅವನು ಸಹಿ ಹಾಕಿದ.

ಕಡತ ಇನ್ನೂ ನಡೆಯುತ್ತಿದೆ. ಆ ದೇಶದ ಒಪ್ಪಿಗೆ ಬಂದಿದೆ, ಇಲ್ಲಿನ ಆದೇಶ ಬಾಕಿ ಇದೆ. ಅಕ್ಕ ಇವತ್ತು ಸಭೆಗೆ ಬಂದಿಲ್ಲ. ‘ಹೆಸರು ಹೇಳದೆ ಹೇಳು, ಇನ್ನೊಬ್ಬರಿಗೆ ಉಪಯೋಗ ಆದ್ರೆ ಆಗ್ಲಿ’ ಎಂದು ಅವರೇ ಅನುಮತಿ ಕೊಟ್ಟಿದ್ದಾರೆ.

ಇನ್ನು ನಾಲ್ಕು ಉಪಯೋಗದ ಮಾತು ಹೇಳಿ ಮುಗಿಸುತ್ತೇನೆ.

ಒಂದು, ಮನೆಯವರು ಯಾರಾದರೂ ವಿದೇಶದಲ್ಲಿ ಬಂಧನಕ್ಕೊಳಗಾದರೆ ಮೊದಲು ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ. 1963ರ ವಿಯೆನ್ನಾ ಒಡಂಬಡಿಕೆಯ 36ನೇ ವಿಧಿಯ ಪ್ರಕಾರ ಬಂಧಿತನಿಗೆ ತನ್ನ ದೇಶದ ಅಧಿಕಾರಿಯನ್ನು ಸಂಪರ್ಕಿಸುವ ಹಕ್ಕಿದೆ. ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಬಡವರಿಗೆ ವಕೀಲರ ನೆರವು ಕೊಡಲು ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಕೇಳಿ.

ಎರಡು, ಕಾಗದಪತ್ರ. ಪಾಸ್‌ಪೋರ್ಟು, ಆಧಾರ್, ಶಾಲೆಯ ದಾಖಲೆ, ಊರಿನ ರೇಷನ್ ಕಾರ್ಡು, ಎಲ್ಲದರಲ್ಲೂ ಹೆಸರು ಒಂದೇ ಇರುವಂತೆ ಈಗಲೇ ನೋಡಿಕೊಳ್ಳಿ. ಮನೆ ಬದಲಾಯಿಸಿದಾಗ ಪಾಸ್‌ಪೋರ್ಟಿನ ವಿಳಾಸವನ್ನೂ ಬದಲಾಯಿಸಿ. ಕಷ್ಟ ಬಂದಾಗ ಇದಕ್ಕೇ ಎರಡು ವರ್ಷ ಹಿಡಿಯುತ್ತದೆ.

ಮೂರು, ಸಾಮಾನು. ಪ್ರಯಾಣಕ್ಕೆ ಹೊರಟವರ ಕೈಗೆ ‘ನಮ್ಮವರಿಗೆ ಇದೊಂದು ಕೊಟ್ಟುಬಿಡಿ’ ಎಂದು ಯಾರು ಪೊಟ್ಟಣ ಕೊಟ್ಟರೂ ಬಿಚ್ಚಿ ನೋಡದೆ ಒಯ್ಯಬೇಡಿ. ವೈದ್ಯರ ಚೀಟಿ ಇಲ್ಲದೆ ಮಾತ್ರೆ ಒಯ್ಯಬೇಡಿ, ಇಲ್ಲಿ ಸಾಮಾನ್ಯವಾಗಿ ಸಿಗುವ ಕೆಲವು ನೋವಿನ ಮಾತ್ರೆ ಅಲ್ಲಿ ನಿಷಿದ್ಧ. ಇನ್ನೂ ಒಂದು ಹೇಳುತ್ತೇನೆ, ನಗಬೇಡಿ. ಮಗನಿಗೆ ಇಷ್ಟ ಎಂದು ಪಾಯಸಕ್ಕೆ ಗಸಗಸೆ ಕಟ್ಟಿಕೊಡುತ್ತೀರಲ್ಲ, ಯುಎಇಯಲ್ಲಿ, ಸೌದಿಯಲ್ಲಿ ಗಸಗಸೆಯೂ ನಿಷಿದ್ಧ.

ನಾಲ್ಕು, ನಾಚಿಕೆ. ಆ ಅಕ್ಕ ನಾಲ್ಕು ವರ್ಷ ನಮ್ಮ ಜೊತೆ ಕುಳಿತು ಭಜನೆ ಹಾಡಿದರು, ಪ್ರಸಾದ ಹಂಚಿದರು, ‘ರಜೆ ಸಿಗ್ಲಿಲ್ಲ’ ಎನ್ನುತ್ತಲೇ ಇದ್ದರು. ನಾವು ಏನಂದುಕೊಳ್ಳುತ್ತೇವೋ ಎಂಬ ಭಯಕ್ಕೆ ಆ ನಾಲ್ಕು ವರ್ಷ ಹೋಯಿತು. ಮೊದಲ ವರ್ಷವೇ ಯಾರ ಹತ್ತಿರವಾದರೂ ಹೇಳಿದ್ದರೆ, ಮೇಲ್ಮನವಿಯ ಹೊತ್ತಿಗೇ ಒಳ್ಳೆಯ ವಕೀಲರ ನೆರವು ಕೇಳಬಹುದಿತ್ತು. ನಮ್ಮ ಸಂಘದಲ್ಲಿ ಇಂಥ ಇನ್ನೊಬ್ಬ ತಾಯಿ ಇದ್ದರೆ ಅವರು ಬಾಗಿಲ ಹತ್ತಿರ ಎಲ್ಲರೂ ಹೋಗುವವರೆಗೆ ಕಾಯಬೇಕಿಲ್ಲ. ತಿಂಗಳ ಎರಡನೆಯ ಶನಿವಾರ ಸಂಜೆ ನಾನು ಸಂಘದ ಕಚೇರಿಯಲ್ಲಿ ಇರುತ್ತೇನೆ. ಗೊತ್ತಿರುವುದನ್ನು ಗೊತ್ತಿದೆ ಎನ್ನುತ್ತೇನೆ, ತೀರ್ಪು ಬಾಕಿ ಇದ್ದರೆ ಬಾಕಿ ಇದೆ ಎಂದೇ ಹೇಳುತ್ತೇನೆ.